ಇಬ್ಬರ ಜಗಳ, ಮೂರನೆಯವನ ಕುರ್ಚಿ

ಶಿಕಾಗೊ ಮೇಯರ್ ಚುನಾವಣೆಯ ಬಗ್ಗೆ ಮಾತನಾಡುವ ಹಕ್ಕು ನನಗಿಲ್ಲ, ಮೊದಲೇ ಒಪ್ಪಿಬಿಡುತ್ತೇನೆ. ನಾನಿರುವುದು ಊರಾಚೆಯ ನೇಪರ್‌ವಿಲ್‌ನಲ್ಲಿ. ದಿನವೂ ರೈಲು ಹತ್ತಿ ನಗರಕ್ಕೆ ಹೋಗುತ್ತೇನೆ, ಅಲ್ಲಿ ನನಗೆ ಮತವಿಲ್ಲ. ಆದರೂ 2023ರ ಏಪ್ರಿಲ್ 4ರ ರಾತ್ರಿ ನಿದ್ದೆಗೆಟ್ಟು ಎಣಿಕೆ ನೋಡಿದ್ದೆ.

ಫೆಬ್ರವರಿ 28ರ ಮೊದಲ ಸುತ್ತಿನಲ್ಲಿ ಕಣದಲ್ಲಿದ್ದವರು ಒಂಬತ್ತು ಮಂದಿ. ಪಾಲ್ ವಾಲಸ್‌ಗೆ ಸುಮಾರು ಶೇ 33, ಬ್ರ್ಯಾಂಡನ್ ಜಾನ್ಸನ್‌ಗೆ ಶೇ 22ರ ಆಸುಪಾಸು. ಹಾಲಿ ಮೇಯರ್ ಲೋರಿ ಲೈಟ್‌ಫುಟ್ ಮೂರನೆಯ ಸ್ಥಾನಕ್ಕೆ ಕುಸಿದು ಅಂದೇ ಸೋಲೊಪ್ಪಿಕೊಂಡರು. ನಮ್ಮ ವಿಧಾನಸಭೆಯ ಲೆಕ್ಕವಾಗಿದ್ದರೆ ವಾಲಸ್ ಕೊರಳಿಗೆ ಆ ರಾತ್ರಿಯೇ ಹಾರ ಬೀಳುತ್ತಿತ್ತು. ಶಿಕಾಗೊದಲ್ಲಿ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು. ಐದು ವಾರಗಳ ಬಳಿಕ ಇಬ್ಬರೇ ಎದುರುಬದುರಾದಾಗ, ಶಿಕ್ಷಕರ ಸಂಘಟನೆಯಿಂದ ಬಂದ ಜಾನ್ಸನ್ ಸುಮಾರು 26 ಸಾವಿರ ಮತಗಳಿಂದ ಗೆದ್ದರು.

ಮೊದಲು ಬಂದವನನ್ನು ಸೋಲಿಸಿದ್ದು ಅನ್ಯಾಯ ಎಂದು ಗೆಳೆಯನೊಬ್ಬ ವಾದಿಸಿದ. ಮೂರರಲ್ಲಿ ಎರಡು ಪಾಲು ಜನ ಆರಿಸದವರನ್ನು ಕುರ್ಚಿಯಲ್ಲಿ ಕೂರಿಸುವುದು ಯಾವ ನ್ಯಾಯವಪ್ಪ ಎಂದು ನಾನು ಕೇಳಿದೆ.

ಆದರೆ ಈ ಎರಡನೆಯ ಸುತ್ತು ನ್ಯಾಯದ ಹಸಿವಿನಿಂದಷ್ಟೇ ಹುಟ್ಟಿದ್ದಲ್ಲ. 1983ರಲ್ಲಿ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ಮೇಯರ್ ಜೇನ್ ಬರ್ನ್ ಮತ್ತು ಹಳೆಯ ಮೇಯರ್ ಡೇಲಿಯವರ ಮಗ ಬಿಳಿಯರ ಮತಗಳನ್ನು ಹಂಚಿಕೊಂಡರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬಂತೆ, ಶೇ 40 ಮತವೂ ಇಲ್ಲದೆ ಗೆದ್ದವರು ಹೆರಾಲ್ಡ್ ವಾಷಿಂಗ್ಟನ್. ಡೆಮಾಕ್ರಟ್ ಆದರೆ ಸಾಕು, ಗೆಲುವು ಖಚಿತ ಎನ್ನುತ್ತಿದ್ದ ಊರು ಅದು. ಆ ಸಲದ ಮುಖ್ಯ ಚುನಾವಣೆಯಲ್ಲಿ ಮಾತ್ರ ಬಿಳಿಯ ಡೆಮಾಕ್ರಟರು ಗುಂಪುಗುಂಪಾಗಿ ರಿಪಬ್ಲಿಕನ್ ಅಭ್ಯರ್ಥಿಯತ್ತ ನಡೆದರು. ಹಾಗಿದ್ದೂ ವಾಷಿಂಗ್ಟನ್ ಕೂದಲೆಳೆಯಲ್ಲಿ ಪಾರಾಗಿ ನಗರದ ಮೊದಲ ಕಪ್ಪು ಮೇಯರ್ ಆದರು. 1995ರಲ್ಲಿ ರಿಪಬ್ಲಿಕನ್ನರ ಹಿಡಿತದಲ್ಲಿದ್ದ ಇಲಿನಾಯ್ ರಾಜ್ಯದ ಶಾಸಕಾಂಗವು ಶಿಕಾಗೊ ಮೇಯರ್ ಚುನಾವಣೆಯ ಮತಪತ್ರದಿಂದ ಪಕ್ಷಗಳ ಹೆಸರನ್ನು ತೆಗೆದು, ಬಹುಮತವಿಲ್ಲದಿದ್ದರೆ ಎರಡನೆಯ ಸುತ್ತು ಎಂಬ ನಿಯಮ ತಂದಿತು. ಇನ್ನೊಬ್ಬ ವಾಷಿಂಗ್ಟನ್ ಬಾರದಿರಲೆಂದೇ ಈ ಏರ್ಪಾಡು ಎಂದು ಅನೇಕರು ಶಂಕಿಸಿದರು. ನನಗೂ ಆ ಶಂಕೆ ಇದೆ.

ಬೇಲಿ ಕಟ್ಟಿದವರ ಕಥೆ ಏನಾಯಿತು ನೋಡಿ. 2019ರಲ್ಲಿ ಕೊನೆಯ ಸುತ್ತಿಗೆ ಬಂದ ಇಬ್ಬರೂ ಕಪ್ಪು ಮಹಿಳೆಯರು. 2023ರಲ್ಲಿ ಕಪ್ಪು ಅಭ್ಯರ್ಥಿ ಜಾನ್ಸನ್‌ರನ್ನು ಒಳಗೆ ಬಿಟ್ಟಿದ್ದೇ ಆ ಬೇಲಿ.

(ಬೆಂಗಳೂರಿನ ಬಂಧುಗಳಿಗೆ ಇದನ್ನೆಲ್ಲ ಹೇಳಲು ಸಂಕೋಚವಾಗುತ್ತದೆ. ಅಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದಿತ್ತು. ಜಾನ್ಸನ್ ಗೆದ್ದ ರಾತ್ರಿಯೂ ಆಡಳಿತಾಧಿಕಾರಿಯದೇ ದರ್ಬಾರು.)

ನನ್ನ ಸಿಟ್ಟು ಬೇರೆಯದು. ಎರಡನೆಯ ಸುತ್ತಿನಲ್ಲೂ ನೋಂದಾಯಿತ ಮತದಾರರಲ್ಲಿ ಮತ ಹಾಕಲು ಬಂದವರು ಶೇ 40 ಕೂಡ ಇರಲಿಲ್ಲ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಎಂದರೆ ಊರಿನ ನೋಂದಾಯಿತ ಮತದಾರರಲ್ಲಿ ಸುಮಾರು ಐದನೆಯ ಒಂದು ಪಾಲು. ನಗರದಲ್ಲೇ ಮನೆಯಿರುವ ಸಹೋದ್ಯೋಗಿಯನ್ನು ಮರುದಿನ ಕೇಳಿದೆ. ತನ್ನ ಅಭ್ಯರ್ಥಿ ಫೆಬ್ರವರಿಯಲ್ಲೇ ಸೋತರಲ್ಲ, ಮತ್ತೇಕೆ ಹೋಗಬೇಕು ಎಂದ. ಅವನಂಥವರಿಗಾಗಿಯೇ ಅಲ್ಲವೇ ಎರಡನೆಯ ಸುತ್ತು ಇರುವುದು ಎಂದೆ. ಅವನು ಕಾಫಿ ತರಲು ಎದ್ದು ಹೋದ.