ದೊಡ್ಡಪ್ಪನ ಬ್ಯೂಗಲ್‌ನಲ್ಲಿ ಇದ್ದದ್ದು ಮೂರೇ ಸ್ವರ

ದೊಡ್ಡಪ್ಪ ಹೋಗಿ ನಾಲ್ಕು ತಿಂಗಳಾಯಿತು. ಅವರನ್ನು ಮಣ್ಣು ಮಾಡಿದ ದಿನದ ಒಂದು ಸದ್ದು ಇನ್ನೂ ನನ್ನ ಕಿವಿ ಬಿಟ್ಟು ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಸೈನ್ಯದಲ್ಲಿ ಇಪ್ಪತ್ತು ವರ್ಷ ಬ್ಯೂಗಲ್ ಊದಿದವರು. ಅರಕಲಗೂಡು ಕಡೆಯ ನಮ್ಮ ತೋಟದಲ್ಲಿ ಅವತ್ತು ಏಳೆಂಟು ಮಂದಿ ಮಾಜಿ ಸೈನಿಕರು ಎದೆಗೆ ಮೆಡಲ್ ಸಿಕ್ಕಿಸಿಕೊಂಡು ಸಾಲಾಗಿ ನಿಂತರು. ಒಬ್ಬರು ಒಂದು ಕಪ್ಪು ಸ್ಪೀಕರನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ಫೋನ್ ಒತ್ತಿದರು. ಸ್ಪೀಕರ್ ಮೊದಲು ಹೆಣ್ಣುದನಿಯಲ್ಲಿ "ಕನೆಕ್ಟೆಡ್" ಅಂದಿತು. ಆಮೇಲೆ ಸೈನಿಕರನ್ನು ಕೊನೆಯದಾಗಿ ಬೀಳ್ಕೊಡುವಾಗ ಊದುವ ಲಾಸ್ಟ್ ಪೋಸ್ಟ್ ಬಂತು. ಒಂದು ಸ್ವರವೂ ತಪ್ಪಲಿಲ್ಲ, ಎಲ್ಲೂ ಉಸಿರು ಕಟ್ಟಲಿಲ್ಲ. ಆ ಹಿರಿಯರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಊದುವವರು ಸಿಗಲಿಲ್ಲ, ಹಾಗಂತ ಗೆಳೆಯನನ್ನು ಸುಮ್ಮನೆ ಕಳಿಸಿಕೊಡಬಾರದು ಅಂತ ಅಷ್ಟು ದೂರದಿಂದ ಸ್ಪೀಕರ್ ಹೊತ್ತು ತಂದಿದ್ದರು. ಆದರೆ ಎರಡು ದಶಕ ತನ್ನ ಉಸಿರನ್ನೇ ಕೊಟ್ಟ ಮನುಷ್ಯನಿಗೆ ಕೊನೆಯಲ್ಲಿ ಇನ್ನೊಬ್ಬ ಮನುಷ್ಯನ ಉಸಿರು ಸಿಗಲಿಲ್ಲವಲ್ಲ ಅಂತ ನಾನು ಅಲ್ಲೇ ಅತ್ತುಬಿಟ್ಟೆ.

ಅವರ ಬ್ಯೂಗಲ್ ಈಗ ನನ್ನ ಮನೆಯಲ್ಲಿದೆ. ತಾಮ್ರದ ಮೈ, ಬಾಯಿಗೆ ಹಿತ್ತಾಳೆ ಅಂಚು, ಬಣ್ಣ ಕಳೆದುಕೊಂಡ ಹಸಿರು ದಾರ, ಬಗ್ಗಿದ ಕಡೆ ಹೆಬ್ಬೆರಳಷ್ಟು ಅಗಲದ ಒಂದು ನೆಗ್ಗು. ಚಳಿಗಾಲದ ಬೆಳಿಗ್ಗೆ ಊದುವ ಮೊದಲು ಮೌತ್‌ಪೀಸನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಮ್ಮೆ ಕೆನ್ನೆ ಉಬ್ಬಿಸಿ ಊದಿ ಬರೀ ಪುಸ್ ಅನ್ನಿಸಿದ್ದಕ್ಕೆ, "ಗಾಳಿ ಕೆನ್ನೆಯಿಂದ ಬರ್ಬಾರ್ದು ಕಣವ್ವ, ಹೊಟ್ಟೆಯಿಂದ ಬರ್ಬೇಕು. ಬಾಯಿ ಬರೀ ಬಾಗ್ಲು" ಅಂದಿದ್ದರು.

ಅದನ್ನು ಕೈಗೆತ್ತಿಕೊಂಡರೆ ಮೊದಲು ಕಾಣುವುದು ಏನೇನು ಇಲ್ಲ ಅನ್ನುವುದು. ಕೊಳಲಿನ ಹಾಗೆ ತೂತಿಲ್ಲ, ಟ್ರಂಪೆಟ್ಟಿನ ಹಾಗೆ ಒತ್ತುವ ಗುಂಡಿಯಿಲ್ಲ. ಸುಮಾರು ನಾಲ್ಕೂವರೆ ಅಡಿಯ ಕೊಳವೆಯನ್ನು ಸುತ್ತಿ ಇಟ್ಟಿದ್ದಾರೆ, ಅಷ್ಟೆ. ತುಟಿ ಬಿಗಿ ಮಾಡುತ್ತ ಹೋದರೆ ಆ ಕೊಳವೆ ತನಗೆ ತಾನೇ ಯಾವ ಸ್ವರ ಕೊಡುತ್ತದೋ ಅದಷ್ಟೇ. ಸೈನ್ಯದ ಕರೆಗಳಿಗೆಲ್ಲ ಬಳಸುವುದು ಅಂಥ ಐದು ಸ್ವರ. ನಮ್ಮ ಲೆಕ್ಕದಲ್ಲಿ ಹೇಳಿದರೆ ಸ, ಪ, ಮೇಲಿನ ಸ, ಗ, ಮತ್ತೆ ಪ. ಸ್ಥಾಯಿ ಬಿಟ್ಟರೆ ಮೂರೇ ಸ್ವರ. ರಿ ಇಲ್ಲ, ಮ ಇಲ್ಲ, ದ ಇಲ್ಲ, ನಿ ಇಲ್ಲ. ತಂಬೂರಿ ಚೆನ್ನಾಗಿ ಶ್ರುತಿಯಾದಾಗ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ, ಅದನ್ನು ಸ್ವಯಂಭೂ ಗಾಂಧಾರ ಅನ್ನುತ್ತಾರಲ್ಲ, ಬ್ಯೂಗಲ್ಲಿನ ಗಾಂಧಾರವೂ ಅದೇ. ತಂತಿಯಾಗಲಿ ಕೊಳವೆಯ ಗಾಳಿಯಾಗಲಿ, ಐದು ಪಾಲಾಗಿ ಕಂಪಿಸಿದಾಗ ಹುಟ್ಟುವುದು ಒಂದೇ ಸ್ವರ. ಈ ಸಂಗೀತ ಇಷ್ಟು ವರ್ಷವಾದರೂ ಯಾಕೆ ಹಳತಾಗುವುದಿಲ್ಲ ಅಂತ ಕೇಳಿದರೆ ನಾನು ಕೊಡುವ ಮೊದಲ ಉತ್ತರ ಇದೇ. ಅಲ್ಲಿ ಮನುಷ್ಯ ಕಟ್ಟಿ ಸೇರಿಸಿದ್ದು ಬಹಳ ಕಡಿಮೆ.

ಎರಡನೆಯದು, ಇದು ಮೂಲದಲ್ಲಿ ಕಚೇರಿಯಲ್ಲ, ಮಾತು. ಏಳಿ, ಸೇರಿ, ಊಟಕ್ಕೆ ಬನ್ನಿ, ದೀಪ ಆರಿಸಿ ಅಂತ ಸಾವಿರ ಜನಕ್ಕೆ ಒಂದೇ ಉಸಿರಲ್ಲಿ ಹೇಳುವ ಮಾತು. ಬ್ರಿಟಿಷ್ ಸಿಪಾಯಿಗಳು ಊಟದ ಕರೆಗೆ "ಅಡುಗೆಮನೆ ಬಾಗಿಲಿಗೆ ಬನ್ರೋ" ಅನ್ನುವ ಅರ್ಥದ ಸಾಲು ಕಟ್ಟಿ ಗುನುಗುತ್ತಿದ್ದರು. ಲಾಸ್ಟ್ ಪೋಸ್ಟ್ ಕೂಡ ಹುಟ್ಟಿದ್ದು ಸಾವಿಗಾಗಿ ಅಲ್ಲ. ರಾತ್ರಿ ಕಾವಲು ನೋಡುತ್ತ ಹೋದ ಅಧಿಕಾರಿ ಕೊನೆಯ ಠಾಣೆಯನ್ನೂ ನೋಡಿ ಆಯಿತು, ಇನ್ನು ಮಲಗಿ ಅನ್ನುವ ಸೂಚನೆ ಅದು. ದಿನಾ ರಾತ್ರಿ ಕೇಳಿಸಿಕೊಂಡ ಕರೆಯನ್ನೇ ಸಮಾಧಿಯ ಮುಂದೆ ಊದಿದರು. ದಿನಾ ಹೇಳುವ "ಹೋಗಿ ಬರ್ತೀನಿ"ಯನ್ನು ಒಂದು ದಿನ ಕೊನೆಯ ಸಲ ಹೇಳಿದ ಹಾಗೆ.

ಸೈನ್ಯದ ಬ್ಯಾಂಡಿನಲ್ಲಿ ಬ್ಯೂಗಲ್ಲಿನ ಜೊತೆಗಾರ ಡ್ರಮ್ಮಿನ ವಿಷಯಕ್ಕೆ ಬಂದರೆ ಅದು ಕಿವಿಗಿಂತ ಕಾಲಿಗೆ ಸೇರಿದ್ದು. ನಿಮಿಷಕ್ಕೆ ಸುಮಾರು 120 ಹೆಜ್ಜೆ, ಎಡಗಾಲು ನೆಲಕ್ಕೆ ಬೀಳುವಾಗ ದೊಡ್ಡ ಡ್ರಮ್ಮಿನ ಗುದ್ದು. ಪರೇಡ್ ನೋಡಲು ನಿಂತ ಮಕ್ಕಳ ಕಾಲು ಗಮನಿಸಿ, ಯಾರೂ ಹೇಳಿಕೊಡದೆ ಎಡಗಾಲು ಏಳುತ್ತದೆ. ಸೈಡ್ ಡ್ರಮ್ಮಿನ ಕೆಳಗಿನ ಚರ್ಮಕ್ಕೆ ತಾಗುವ ಹಾಗೆ ತಂತಿಗಳನ್ನು ಬಿಗಿದಿರುತ್ತಾರೆ, ಗರಗರ ಬರುವುದು ಅದರಿಂದ. ಆ ಡ್ರಮ್ಮಿನವರ ಪಾಠ ನೋಡಿದಾಗ ನನಗೆ ಮೃದಂಗದ ಪಾಠವೇ ನೆನಪಾಯಿತು. ಅವರ 'ಪ್ಯಾರಾಡಿಡಲ್' ಅಂದರೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಹೆಸರಿನಲ್ಲಿ ಎಷ್ಟು ಅಕ್ಷರವೋ ಅಷ್ಟೇ ಪೆಟ್ಟು, ನಮ್ಮ 'ತಕಧಿಮಿ'ಯ ಹಾಗೆ. ಬಾಯಲ್ಲಿ ಹೇಳಿಕೊಂಡರೆ ಕೈ ಕಲಿಯುತ್ತದೆ. ದೊಡ್ಡಪ್ಪ ಊಟದ ತಟ್ಟೆ ಅಂಚಿನ ಮೇಲೆ ಎರಡು ಬೆರಳಲ್ಲಿ ಅದನ್ನು ನುಡಿಸುತ್ತಿದ್ದರು, ದೊಡ್ಡಮ್ಮ ಗದರುವವರೆಗೂ.

ಸೈನ್ಯದ ಈ ಸಂಗೀತವನ್ನು ಇಷ್ಟಪಡುವವರು ಯುದ್ಧವನ್ನು ಇಷ್ಟಪಡುವವರು ಅಂತ ನನ್ನ ಗೆಳತಿಯೊಬ್ಬಳು ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಯುದ್ಧ ಬಂದಾಗ ಬ್ಯಾಂಡಿನವರ ಕೈಗೆ ಬರುವುದು ಸ್ಟ್ರೆಚರ್. ಗಾಯಗೊಂಡವರನ್ನು ಹೊತ್ತು ತರುವುದು ಅವರ ಕೆಲಸ. 1971ರಲ್ಲಿ ದೊಡ್ಡಪ್ಪ ಊದಿದ್ದಕ್ಕಿಂತ ಹೊತ್ತದ್ದೇ ಹೆಚ್ಚು. ಆ ದಿನಗಳ ಬಗ್ಗೆ ಅವರು ಮನೆಯಲ್ಲಿ ಬಾಯಿ ಬಿಡಲಿಲ್ಲ, ಆದರೆ ಲಾಸ್ಟ್ ಪೋಸ್ಟನ್ನು ಸುಮ್ಮಸುಮ್ಮನೆ ಊದಿ ತೋರಿಸಿ ಅಂದರೆ ಒಂದು ಸಲವೂ ಊದಲಿಲ್ಲ.

ಪ್ರತಿ ಜನವರಿ 29ರ ಸಂಜೆ, ಗಣರಾಜ್ಯೋತ್ಸವ ಮುಗಿಸುವ ದೆಹಲಿಯ ಬೀಟಿಂಗ್ ರಿಟ್ರೀಟ್ ಹೊತ್ತಿಗೆ ನಮ್ಮ ಮನೆಯಲ್ಲಿ ಟಿವಿ ಮುಂದೆ ಯಾರೂ ಮಾತಾಡುವ ಹಾಗಿರಲಿಲ್ಲ. ಅಲ್ಲಿ ನುಡಿಸುವ ಹಾಡುಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ, ಗಂಟೆಯ ನಾದದೊಡನೆ ಬರುತ್ತಿದ್ದ 'ಅಬೈಡ್ ವಿತ್ ಮಿ' ಅನ್ನುವ ಕ್ರೈಸ್ತ ಪ್ರಾರ್ಥನಾಗೀತೆಯನ್ನು 2022ರಲ್ಲಿ ಕೈಬಿಟ್ಟರು. ನನಗೆ ಅದು ಬೇಕಿತ್ತು. ಆದರೆ ಕೊನೆಗೆ ಬ್ಯೂಗಲ್‌ಗಳು ರಿಟ್ರೀಟ್ ಊದುವುದು, ಬಾವುಟ ಇಳಿಯುವುದು ಹಾಗೇ ಉಳಿದಿದೆ. ಇನ್ನೊಂದು ಮಾತು: ಮಧ್ಯಪ್ರದೇಶದ ಪಚಮಢಿಯಲ್ಲಿ ಸೇನೆಯ ಸಂಗೀತ ಶಾಲೆ ಶುರುವಾದದ್ದು 1950ರಲ್ಲಿ, ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾಗಿದ್ದಾಗ.

ಹೋದ ವರ್ಷ ತಮ್ಮನ ಮನೆಗೆ ವರ್ಜೀನಿಯಾಕ್ಕೆ ಹೋಗಿದ್ದಾಗ ವಾಷಿಂಗ್ಟನ್ನಿನ ಮರೀನ್ ಬ್ಯಾರಕ್ಸ್‌ನಲ್ಲಿ ಶುಕ್ರವಾರ ಸಂಜೆಯ ಪರೇಡ್ ನೋಡಿದೆ. 1934ರಲ್ಲಿ ಶುರುವಾದ, ಅಮೆರಿಕದ ಮರೀನ್ ಪಡೆಯ ವಾದ್ಯತಂಡ ಮರೀನ್ ಡ್ರಮ್ ಅಂಡ್ ಬ್ಯೂಗಲ್ ಕೋರ್ ಅಲ್ಲಿಯದು. ಕೆಂಪು ಕೋಟು, ಬಿಳಿ ಪ್ಯಾಂಟು. ಅವರ ಬ್ಯೂಗಲ್‌ಗಳಿಗೆ ಎರಡು ಗುಂಡಿಗಳಿವೆ, ಹಾಗಾಗಿ ಏನು ಬೇಕಾದರೂ ನುಡಿಸುತ್ತಾರೆ. ಎದೆ ನಡುಗುವಷ್ಟು ಚೆನ್ನಾಗಿತ್ತು. ಆದರೆ ನನ್ನನ್ನು ಅಲ್ಲಾಡಿಸಿದ್ದು ಕೊನೆಯ ಒಂದು ನಿಮಿಷ. ಕತ್ತಲಾದ ಮೇಲೆ ಕಟ್ಟಡದ ಮೇಲೆ ಒಬ್ಬನೇ ನಿಂತು 'ಟ್ಯಾಪ್ಸ್' ಊದಿದ. ಅಮೆರಿಕದ ಅಂತರ್ಯುದ್ಧದ ನಡುವೆ, 1862ರಲ್ಲಿ, ವರ್ಜೀನಿಯಾದ ಶಿಬಿರವೊಂದರಲ್ಲಿ ಮೊದಲು ಊದಿದ 24 ಸ್ವರಗಳ ಕರೆ ಅದು. ಎಂಬತ್ತು ಜನ ನುಡಿಸಿದ್ದನ್ನು ಕೇಳಿ ಚಪ್ಪಾಳೆ ಹೊಡೆದವರೆಲ್ಲ ಆ ಒಬ್ಬನಿಗೆ ಉಸಿರು ಹಿಡಿದು ನಿಂತರು.

ಯಾಕೆ ಉಸಿರು ಹಿಡಿದೆವು? ಸ್ವರ ಒಡೆಯಬಹುದು ಅಂತ. 1963ರ ನವೆಂಬರ್ 25ರಂದು ಅಧ್ಯಕ್ಷ ಕೆನಡಿಯ ಅಂತ್ಯಕ್ರಿಯೆಯಲ್ಲಿ ಸಾರ್ಜೆಂಟ್ ಕೀತ್ ಕ್ಲಾರ್ಕ್ ಚಳಿಯಲ್ಲಿ ಗಂಟೆಗಟ್ಟಲೆ ನಿಂತು ಇದೇ ಟ್ಯಾಪ್ಸ್ ಊದಿದರು. ಆರನೇ ಸ್ವರ ಒಡೆಯಿತು. ಟಿವಿಯಲ್ಲಿ ನೋಡುತ್ತಿದ್ದ ದೇಶಕ್ಕೆ ಅದು ತಪ್ಪು ಅನ್ನಿಸಲಿಲ್ಲ, ಬಿಕ್ಕಿದ ಹಾಗೆ ಕೇಳಿಸಿತು. ಮುಂದೆ ಅದೇ ದೇಶದಲ್ಲಿ ಊದುವವರು ಸಾಲದೆ, 2003ರಲ್ಲಿ ಒಳಗೆ ಪುಟ್ಟ ಯಂತ್ರವಿಟ್ಟ ಬ್ಯೂಗಲ್ ಬಂತು. ಗುಂಡಿ ಒತ್ತಿ ತುಟಿಗಿಟ್ಟುಕೊಂಡು ನಿಂತರಾಯಿತು, ಎಂದೂ ಒಡೆಯುವುದಿಲ್ಲ. ನಮ್ಮ ತೋಟದ ಸ್ಪೀಕರೂ ಒಡೆಯಲಿಲ್ಲ. ನನಗೆ ಅವತ್ತು ಕೊರತೆ ಅನ್ನಿಸಿದ್ದು ಅದೇ. ಒಡೆಯಬಹುದಾದ ಒಂದು ಗಂಟಲು ಅಲ್ಲಿರಲಿಲ್ಲ.

ಊದುವವರು ಸೈನಿಕರೇ ಆಗಬೇಕಿಲ್ಲ. ಬೆಲ್ಜಿಯಂನ ಈಪ್ರ್ ಊರಿನಲ್ಲಿ ಮೊದಲ ಮಹಾಯುದ್ಧದ ಸ್ಮಾರಕವಾದ ಮೆನಿನ್ ಗೇಟ್ ಕೆಳಗೆ 1928ರಿಂದ ದಿನಾ ರಾತ್ರಿ 8 ಗಂಟೆಗೆ ಲಾಸ್ಟ್ ಪೋಸ್ಟ್ ಊದುತ್ತಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಾಗ ನಿಂತಿತು. 1944ರ ಸೆಪ್ಟೆಂಬರ್ 6ರಂದು ಊರು ಬಿಡುಗಡೆಯಾದ ಸಂಜೆಯೇ ಮತ್ತೆ ಶುರು. ಊದುವವರು ಅಲ್ಲಿಯ ಅಗ್ನಿಶಾಮಕ ದಳದ ಸ್ವಯಂಸೇವಕರು. ಆ ಕಮಾನಿನ ಗೋಡೆಗಳ ಮೇಲೆ ದೇಹವೂ ಸಿಗದೆ ಹೋದ ಸುಮಾರು 54,000 ಸೈನಿಕರ ಹೆಸರಿವೆ, ನಮ್ಮ ದೇಶದವರ ಹೆಸರೂ ಇವೆ. ಆ ಊರಿನವರು ದಿನಕ್ಕೊಬ್ಬರನ್ನು ಹುಡುಕಿ ನಿಲ್ಲಿಸಬಲ್ಲರಾದರೆ, ಸೈನಿಕರ ಜಿಲ್ಲೆ ಅಂತ ಹೇಳಿಕೊಳ್ಳುವ ನಮ್ಮ ಕಡೆ ತಾಲ್ಲೂಕಿಗೊಬ್ಬ ಹುಡುಗನನ್ನೋ ಹುಡುಗಿಯನ್ನೋ ತಯಾರು ಮಾಡಲು ಆಗದೆ?

ನಮ್ಮೂರಿನ ಹೈಸ್ಕೂಲಿನ ಎನ್‌ಸಿಸಿ ಹುಡುಗನೊಬ್ಬ ಎರಡು ತಿಂಗಳಿಂದ ಭಾನುವಾರ ಬೆಳಿಗ್ಗೆ ಬರುತ್ತಾನೆ. ದೊಡ್ಡಪ್ಪನ ಬ್ಯೂಗಲ್ ಕೊಟ್ಟು ಕೆರೆ ಏರಿಗೆ ಕಳಿಸುತ್ತೇನೆ. ಕೆಳಗಿನ ಸ ಮತ್ತು ಪ ಗಟ್ಟಿಯಾಗಿ ಬರುತ್ತವೆ, ಮೇಲಿನ ಸ ಒಂದೊಂದು ದಿನ ಬರುತ್ತದೆ, ಗಾಂಧಾರ ಇನ್ನೂ ಒಡೆಯುತ್ತದೆ. ಹೇಳಿಕೊಡಲು ನನಗೆ ಬರುವುದಿಲ್ಲ, ಹೊಟ್ಟೆಯಿಂದ ಊದಪ್ಪ ಅಂತ ದೊಡ್ಡಪ್ಪ ಹೇಳಿದ್ದನ್ನೇ ಹೇಳುತ್ತೇನೆ. ಹಾಸನ, ಹೊಳೆನರಸೀಪುರ, ಸೋಮವಾರಪೇಟೆ ಸುತ್ತಮುತ್ತ ಸೈನ್ಯದ ಅಥವಾ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದವರು ಯಾರಾದರೂ ಇದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬರೆಯಿರಿ. ತಿಂಗಳಿಗೆ ಎರಡು ಭಾನುವಾರ ಬಂದರೂ ಸಾಕು. ಬಸ್ ಸ್ಟ್ಯಾಂಡಿನಿಂದ ನಾನೇ ಕರೆದುಕೊಂಡು ಬರುತ್ತೇನೆ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ.