ಜಿಲ್ಲೆ ಚಿಕ್ಕಬಳ್ಳಾಪುರ, ಎಂಪಿ ಕೋಲಾರ

ನಿನ್ನೆ ಚಿಂತಾಮಣಿಯಲ್ಲಿ ನೆಂಟರ ಮನೆಯ ರಿಸೆಪ್ಷನ್. ಎರಡನೇ ಪಂಕ್ತಿಗೆ ಕಾಯ್ತಾ ಕೂತಿದ್ದೆ. ಪಕ್ಕದ ಕುರ್ಚಿಗಳಲ್ಲಿ ನಾಲ್ಕೈದು ಜನ ಒಂದೇ ಮೊಬೈಲಿಗೆ ತಲೆ ಜೋಡಿಸಿಕೊಂಡಿದ್ದರು. ಕ್ರಿಕೆಟ್ ಇರಬೇಕು ಅಂದುಕೊಂಡೆ. ಅಲ್ಲ. ವಾಟ್ಸಾಪಿನಲ್ಲಿ ಬಂದ "ಹೊಸ ಕ್ಷೇತ್ರಗಳ ಪಟ್ಟಿ". ಪುನರ್ವಿಂಗಡಣೆ, ಅಂದರೆ ಜನಸಂಖ್ಯೆ ನೋಡಿ ಎಂಪಿ, ಎಂಎಲ್‌ಎ ಕ್ಷೇತ್ರಗಳ ಗೆರೆ ಹೊಸದಾಗಿ ಎಳೆಯೋದು, ಆದ ಮೇಲೆ ನಮ್ಮ ಕ್ಷೇತ್ರಗಳು ಹೀಗಿರುತ್ತವಂತೆ. ಯಾರು ಮಾಡಿದ್ದು, ಯಾವ ಆಯೋಗದ್ದು, ಯಾರ ಸಹಿ, ಏನೂ ಇಲ್ಲ. ತಲೆ ಎಣಿಕೆ ಆಗೋದು 2027ರ ಮಾರ್ಚ್ 1ರ ಲೆಕ್ಕಕ್ಕೆ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿದೆ. ಅದರ ಅಂಕಿ ಬರೋ ಮೊದಲೇ ಇವರ ಕೈಗೆ ಕ್ಷೇತ್ರಗಳು ಬಂದುಬಿಟ್ಟಿವೆ!

ಸುಮ್ಮನಿರಬಹುದಿತ್ತು. ಆದರೆ ಮಾತು ಕಿವಿಗೆ ಬೀಳ್ತಾನೇ ಇತ್ತು. "ಆ ಹೋಬಳಿ ನಮ್ಮ ಕಡೆ ಬಂದ್ರೆ ನಮ್ಮೋರೆಲ್ಲ ಒಂದಾಗ್ತೀವಿ ಅಣ್ಣ." "ಈ ಕಡೆ ಪಂಚಾಯ್ತಿಗಳು ಬೇಡ, ಅಲ್ಲೆಲ್ಲ ಅವರದೇ ಜಾಸ್ತಿ, ಆಚೆ ತಳ್ಳಿಸಬೇಕು." ತಳ್ಳಿಸಬೇಕಂತೆ! ಜನ ಇರೋ ಊರುಗಳನ್ನ ಕ್ಯಾರಂ ಕಾಯಿನ್ನೇ ಮಾಡಿಕೊಂಡಿದ್ದಾರೆ. ನಾನು ಬಾಯಿ ಹಾಕಿದೆ. "ಆ ಊರಿನೋರನ್ನ ಯಾರಾದ್ರೂ ಕೇಳಿದ್ರಾ?" ಒಬ್ಬ ಹುಡುಗ ನಕ್ಕ. ನನ್ನ ಹತ್ರಾನೇ ಏಳನೇ ಕ್ಲಾಸು ಓದಿದವನು. "ಮೇಷ್ಟ್ರೇ, ಅವರನ್ನೇನು ಕೇಳೋದು? ಗೆರೆ ಎಳೆಯೋರು ಮೇಲಿರ್ತಾರೆ. ಎಳೆಸೋರು ಇಲ್ಲಿರ್ತಾರೆ."

ಸಮಾಜ ವಿಜ್ಞಾನ ಕಲಿಸಿದ್ದು ನಾನೇ. ಹೋಳಿಗೆ ರುಚಿಸಲಿಲ್ಲ.

ನನ್ನ ಸಿಟ್ಟು ಇವತ್ತಿನದಲ್ಲ, ನಿಮಗೆ ಗೊತ್ತು. ನಮ್ಮ ಶಿಡ್ಲಘಟ್ಟವನ್ನೇ ನೋಡಿ. ಜಿಲ್ಲಾಧಿಕಾರಿ ಕಚೇರಿ ಚಿಕ್ಕಬಳ್ಳಾಪುರದಲ್ಲಿ. ಎಸ್ಪಿ ಅಲ್ಲೇ, ಜಿಲ್ಲಾ ಪಂಚಾಯ್ತಿ ಅಲ್ಲೇ, ನನ್ನ ಪಿಂಚಣಿಯ ಕಾಗದಪತ್ರಗಳೂ ಅಲ್ಲೇ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ನಮ್ಮದೇ ಜಿಲ್ಲೆ ಆಯ್ತು ಅಂತ ಪಟಾಕಿ ಹೊಡೆದೆವು. ಮರುವರ್ಷವೇ, 2008ರಲ್ಲಿ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಎಳೆದ ಗೆರೆಗಳು ಜಾರಿಗೆ ಬಂದವು. ಶಿಡ್ಲಘಟ್ಟ ಮತ್ತು ಚಿಂತಾಮಣಿ ಕೋಲಾರ ಲೋಕಸಭಾ ಕ್ಷೇತ್ರದಲ್ಲೇ ಉಳಿದವು. ಡಿಸಿ ಒಂದು ಕಡೆ, ಎಂಪಿ ಇನ್ನೊಂದು ಕಡೆ. ರೇಷ್ಮೆಗೂಡಿನ ರೇಟು ಬಿದ್ದು ನಮ್ಮ ರೈತರು, ನೂಲು ತೆಗೆಯೋ ರೀಲರುಗಳು ಬೀದಿಗೆ ಬಂದಾಗ ಮನವಿಪತ್ರ ಹಿಡಿದುಕೊಂಡು ಯಾವ ದಿಕ್ಕಿನ ಬಸ್ಸು ಹತ್ತಬೇಕು, ಹೇಳಿ.

ಹಾಗಾದರೆ "ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರ"ದಲ್ಲಿ ಯಾರಿದ್ದಾರೆ? ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ. ಸರಿ. ಆಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಲಹಂಕ. ಎಂಟರಲ್ಲಿ ಐದು ನಮ್ಮ ಜಿಲ್ಲೆಯವೇ ಅಲ್ಲ! ನಮ್ಮ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಎರಡನ್ನು ಆಚೆ ಬಿಟ್ಟು, ನೆಲಮಂಗಲವನ್ನು ಒಳಗೆ ಇಟ್ಟಿದ್ದಾರೆ. ನೆಲಮಂಗಲ ಇರೋದು ತುಮಕೂರು ರಸ್ತೆಯಲ್ಲಿ. ಬಾಗೇಪಲ್ಲಿ ಹೈದರಾಬಾದ್ ರಸ್ತೆಯಲ್ಲಿ, ಆಂಧ್ರದ ಬಾಗಿಲಲ್ಲಿ. ಈ ಎರಡು ಊರಿನವರು ಒಬ್ಬರನ್ನೊಬ್ಬರು ನೋಡಬೇಕಾದರೆ ಓಟಿನ ದಿನ ಟಿವಿಯಲ್ಲೇ ನೋಡಬೇಕು. ಯಲಹಂಕದವರಿಗೆ ತಾವು ಚಿಕ್ಕಬಳ್ಳಾಪುರದ ಮತದಾರರು ಅನ್ನೋದು ಐದು ವರ್ಷಕ್ಕೊಮ್ಮೆ ಬೂತ್ ಸ್ಲಿಪ್ ಬಂದಾಗ ನೆನಪಾಗುತ್ತೆ.

ತುಮಕೂರಿನ ಗೆಳೆಯರು ನಗಬೇಡಿ. ನಿಮ್ಮ ಶಿರಾ ಮತ್ತು ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ. ಪಾವಗಡಕ್ಕೆ ಮೂರು ಕಡೆ ಆಂಧ್ರ, ಜಿಲ್ಲೆ ತುಮಕೂರು, ಎಂಪಿ ಚಿತ್ರದುರ್ಗ. ಅಲ್ಲಿನವರ ಅಹವಾಲು ಎಷ್ಟು ಗಡಿ ದಾಟಿ ದೆಹಲಿ ಮುಟ್ಟಬೇಕೋ!

ಈಗ ಟಿವಿ ಹಾಕಿದರೆ ಪುನರ್ವಿಂಗಡಣೆ ಅಂದರೆ ಒಂದೇ ಮಾತು. ದಕ್ಷಿಣಕ್ಕೆ ಅನ್ಯಾಯ. ನಿಜ, ಅನ್ಯಾಯದ ಭಯ ಸುಳ್ಳಲ್ಲ. ಯಾವ ರಾಜ್ಯಕ್ಕೆ ಎಷ್ಟು ಎಂಪಿ ಅನ್ನೋದು 1971ರ ಜನಗಣತಿಯ ಮೇಲೆ ನಿಂತಿದೆ. 1976ರಲ್ಲಿ ಅದಕ್ಕೆ ಬೀಗ ಹಾಕಿದರು, 2001ರ ತಿದ್ದುಪಡಿಯಲ್ಲಿ ಆ ಬೀಗವನ್ನ 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿದರು. ಹೇಳಿದಂತೆ ಕುಟುಂಬ ಯೋಜನೆ ಮಾಡಿದ ರಾಜ್ಯಗಳ ಪಾಲು ಕಮ್ಮಿಯಾದರೆ ಹೊಟ್ಟೆ ಉರಿಯುತ್ತೆ, ನನಗೂ ಉರಿಯುತ್ತೆ. 2025ರ ಮಾರ್ಚಿನಲ್ಲಿ ಇದೇ ವಿಷಯಕ್ಕೆ ಸೇರಿದ ಚೆನ್ನೈ ಸಭೆಗೆ ನಮ್ಮ ಆಗಿನ ಉಪಮುಖ್ಯಮಂತ್ರಿಗಳೂ ಹೋಗಿಬಂದರು. ಸಂತೋಷ. ಆದರೆ ಸ್ವಾಮಿ, ಕರ್ನಾಟಕಕ್ಕೆ 28 ಉಳಿದರೂ, 38 ಆದರೂ, ಆ ಕ್ಷೇತ್ರಗಳ ಗೆರೆ ಶಿಡ್ಲಘಟ್ಟದ ಯಾವ ಬೀದಿಯಲ್ಲಿ ಹಾದುಹೋಗುತ್ತೆ ಅನ್ನೋದನ್ನ ಯಾವ ಚಾನೆಲ್ಲೂ ಕೇಳ್ತಿಲ್ಲ. ದೆಹಲಿ ನಮಗೆ ಅನ್ಯಾಯ ಮಾಡುತ್ತೆ ಅಂತ ಕೂಗೋ ನಾಯಕರೇ, ನಮ್ಮ ಹೋಬಳಿಯನ್ನ ಆಚೆ ತಳ್ಳಿಸೋ ಪಟ್ಟಿ ಹಿಡಿದು ಓಡಾಡೋರು ನಿಮ್ಮ ಹಿಂಬಾಲಕರೇ ತಾನೆ?

ಕಾನೂನಿನಲ್ಲಿ ಜನರಿಗೆ ಜಾಗ ಇಲ್ಲ ಅಂತಲ್ಲ. 2002ರ ಪುನರ್ವಿಂಗಡಣಾ ಕಾಯ್ದೆಯ 9ನೇ ಕಲಂ ಓದಿ. ಕ್ಷೇತ್ರ ಆದಷ್ಟು ಒತ್ತಟ್ಟಿಗೆ ಇರಬೇಕು, ಭೌಗೋಳಿಕ ಲಕ್ಷಣ ನೋಡಬೇಕು, ಈಗಿರೋ ಆಡಳಿತ ಗಡಿ ನೋಡಬೇಕು, ಸಂಪರ್ಕ ಸೌಲಭ್ಯ ಮತ್ತು ಜನರ ಅನುಕೂಲ ನೋಡಬೇಕು. ಕರಡು ಪ್ರಕಟಿಸಬೇಕು, ಆಕ್ಷೇಪಣೆ ಕರೆಯಬೇಕು, ಬಹಿರಂಗ ಸಭೆ ನಡೆಸಬೇಕು. ಎಷ್ಟು ಚೆನ್ನಾಗಿದೆ ನೋಡಿ! ಹಾಗೇ ಇನ್ನೊಂದು ಸಾಲು. ಆಯೋಗದ ಜೊತೆ ಪ್ರತಿ ರಾಜ್ಯದಿಂದ ಐವರು ಎಂಪಿ, ಐವರು ಎಂಎಲ್‌ಎ ಸಹ ಸದಸ್ಯರಾಗಿ ಕೂರ್ತಾರೆ. ಓಟು ಹಾಕೋ ಹಕ್ಕು ಅವರಿಗಿಲ್ಲ ಅನ್ನೋದು ನಿಜ, ಆದರೆ ಒಳಗೆ ಕೂತಿರ್ತಾರಲ್ಲ. ನಾವು ಎಲ್ಲಿ ಕೂರ್ತೀವಿ? ಬಹಿರಂಗ ಸಭೆಯ ಕೊನೇ ಸಾಲಿನಲ್ಲಿ, ಅದೂ ಆ ಸಭೆ ಎಲ್ಲಿ, ಯಾವತ್ತು ಅಂತ ಪತ್ರಿಕೆಯ ಒಳಪುಟದ ಪ್ರಕಟಣೆ ಕಣ್ಣಿಗೆ ಬಿದ್ದರೆ. ಮುಂದಿನ ಸಾಲುಗಳಲ್ಲಿ ಎರಡು ಬಸ್ಸು ತುಂಬ ಶಾಲು ಹೊದ್ದುಕೊಂಡು ಬಂದವರು. ಅವರು ಕೂಗಿದ್ದೇ ಜನಾಭಿಪ್ರಾಯ. ಅಂತಿಮ ಆದೇಶ ಒಮ್ಮೆ ಬಂದರೆ ಆಯಿತು, ಸಂವಿಧಾನದ 329ನೇ ವಿಧಿ ತೋರಿಸಿ ಕೋರ್ಟಿನ ಬಾಗಿಲಲ್ಲೇ ನಿಲ್ಲಿಸ್ತಾರೆ.

ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲುಪಾರೀಕತ್ತು ಮಾಡಿಕೊಳ್ಳುವಾಗ ಪಂಚಾಯ್ತಿದಾರರು ಹೊಲಕ್ಕೆ ಹೋಗ್ತಾರೆ. ಬೋರ್‌ವೆಲ್ ಯಾವ ಪಾಲಿಗೆ, ಬಂಡಿದಾರಿ ಎಲ್ಲಿ, ಮಳೆ ನೀರು ಯಾವ ಕಡೆ ಹರಿಯುತ್ತೆ ಅಂತ ನಡೆದು ನೋಡ್ತಾರೆ. ಎಕರೆ ಸಮ ಬಂತು ಅಂತ ಮನೇಲೇ ಕೂತು ಬರೆದುಕೊಟ್ಟರೆ ಮಾರನೇ ದಿನವೇ ದೊಣ್ಣೆ ಎದ್ದಿರುತ್ತೆ. ಇಲ್ಲಿ ಲಕ್ಷಾಂತರ ಜನರ ಪಾಲು ಮಾಡುವಾಗ ಯಾರು ನಡೆದು ನೋಡಿದ್ದಾರೆ?

ಈಗ ನನ್ನ ಬೆಂಗಳೂರಿನ ಗೆಳೆಯ ಶುರು ಮಾಡ್ತಾನೆ, ಗೊತ್ತು. "ನಿಮ್ಮ ಓಟಿಗೆ ತೂಕ ಜಾಸ್ತಿ, ನಮ್ಮದಕ್ಕೆ ಕಮ್ಮಿ, ಮೊದಲು ಅದು ಸರಿಯಾಗಲಿ." ಲೆಕ್ಕ ಸರಿ ಇದೆ, ಒಪ್ಪಿದೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆ 96 ಲಕ್ಷ ಜನ, 28 ಎಂಎಲ್‌ಎ. ಒಬ್ಬೊಬ್ಬರಿಗೆ ಸುಮಾರು 3.4 ಲಕ್ಷ. ತುಮಕೂರು 26.8 ಲಕ್ಷ, 11 ಎಂಎಲ್‌ಎ. ಒಬ್ಬರಿಗೆ 2.4 ಲಕ್ಷ. ನಮ್ಮ ಚಿಕ್ಕಬಳ್ಳಾಪುರ 12.5 ಲಕ್ಷಕ್ಕೆ 5, ಕೋಲಾರ 15.4 ಲಕ್ಷಕ್ಕೆ 6. ವಿಧಾನಸಭೆ 224ರಲ್ಲೇ ಉಳಿದರೆ, ಆ ಹಳೇ ಅಂಕಿಯ ಮೇಲೇ ತುಮಕೂರು ಒಂದು ಸ್ಥಾನ ಕಳೆದುಕೊಂಡು ಬೆಂಗಳೂರು 35ಕ್ಕೆ ಹೋಗುತ್ತೆ. ಹೊಸ ಅಂಕಿ ಬಂದರೆ ಇನ್ನೂ ಮೇಲೆ. 2008ರಲ್ಲಿ ಆದದ್ದೂ ಇದೇ. ಕಳ್ಳಂಬೆಳ್ಳ, ಬೆಳ್ಳಾವಿ, ಹುಲಿಯೂರುದುರ್ಗ ಅನ್ನೋ ಕ್ಷೇತ್ರಗಳು ಭೂಪಟದಿಂದಲೇ ಮಾಯ. ಕೋಲಾರದ ಕಡೆ ವೇಮಗಲ್, ಬೇತಮಂಗಲ ಮಾಯ. ನಾಯಕರಿಗೇನೂ ತೊಂದರೆ ಆಗಲಿಲ್ಲ ಬಿಡಿ. ಕಳ್ಳಂಬೆಳ್ಳದ ಟಿ.ಬಿ. ಜಯಚಂದ್ರ ಶಿರಾಕ್ಕೆ ಹೋದರು, ವೇಮಗಲ್‌ನ ಕೃಷ್ಣ ಬೈರೇಗೌಡ ಬೆಂಗಳೂರಿನ ಬ್ಯಾಟರಾಯನಪುರಕ್ಕೆ ಹೋಗಿ ಗೆದ್ದರು. ವೇಮಗಲ್‌ನ ರೈತ ಎಲ್ಲಿಗೆ ಹೋಗಬೇಕಿತ್ತು? ಅವನಿಗೆ ಬ್ಯಾಟರಾಯನಪುರದಲ್ಲಿ ಯಾರು ಟಿಕೆಟ್ ಕೊಡ್ತಾರೆ?

ಮತ್ತೆ, ಬೆಂಗಳೂರಿನ ಆ ತಲೆಗಳು ಯಾರವು? 2011ರಲ್ಲಿ ನಾನು ಗಣತಿದಾರ. ಒಬ್ಬ ಅಜ್ಜಿ ತನ್ನ ಇಬ್ಬರು ಮಕ್ಕಳ ಹೆಸರನ್ನೂ ಬರೆದುಕೊಳ್ಳಲೇಬೇಕು ಅಂತ ಹಟ ಹಿಡಿದಳು. "ಇಲ್ಲೇ ಹುಟ್ಟಿದ್ದು, ಹಬ್ಬಕ್ಕೆ ಇಲ್ಲಿಗೇ ಬರ್ತಾರೆ, ಓಟು ಇಲ್ಲೇ ಹಾಕ್ತಾರೆ, ಅದು ಹೆಂಗಪ್ಪಾ ಲೆಕ್ಕಕ್ಕಿಲ್ಲ ಅಂತೀಯ?" ಇಬ್ಬರೂ ಪೀಣ್ಯದಲ್ಲಿ ಕೆಲಸಕ್ಕಿದ್ದರು. ನಿಯಮದ ಪ್ರಕಾರ ಅವರು ವಾಸ ಇರೋ ಕಡೆಯೇ ಲೆಕ್ಕ. ನಾನು ಬರೆಯಲಿಲ್ಲ. ಕಾಫಿಯೂ ಸಿಗಲಿಲ್ಲ. ಕ್ಷೇತ್ರ ಹಂಚೋದು ಮತದಾರರ ಪಟ್ಟಿ ನೋಡಿ ಅಲ್ಲ, ಜನಸಂಖ್ಯೆ ನೋಡಿ. ಅಂದರೆ ನಮ್ಮ ಹುಡುಗರ ತಲೆ ಬೆಂಗಳೂರಿಗೆ ಎಂಎಲ್‌ಎ ಹೆಚ್ಚಿಸುತ್ತೆ, ಅವರ ಬೆರಳಿನ ಶಾಯಿ ಮಾತ್ರ ಶಿಡ್ಲಘಟ್ಟದ್ದು. ನನ್ನ ಮಗನ ಸಂಸಾರ ಯಲಹಂಕದಲ್ಲಿ. ವೋಟರ್ ಕಾರ್ಡ್ ಇನ್ನೂ ಊರಿನದೇ. ವಾಸ ಇರೋ ಕಡೆಯೇ ಹೆಸರಿರಬೇಕು ಅನ್ನೋದು ನಿಯಮ, ಅದೂ ಗೊತ್ತು. "ಬದಲಾಯಿಸಬೇಡ" ಅಂದವನು ನಾನೇ. ಈಗಲೂ ಅದನ್ನೇ ಹೇಳ್ತೀನಿ. ಬೈಯೋರು ಬೈಯಬಹುದು.

ಸಮಾನತೆ ಬೇಡ ಅಂತ ನಾನು ಹೇಳ್ತಿಲ್ಲ ಗೆಳೆಯ. ತಲೆ ಎಣಿಸೋದು ಒಂದೇ ನ್ಯಾಯ ಅಲ್ಲ ಅಂತಿದ್ದೀನಿ. ನಿಮ್ಮ ಹೆಬ್ಬಾಳ-ನಾಗವಾರದ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡ್ತಾರೆ. ಕೋರಮಂಗಲ-ಚಲ್ಲಘಟ್ಟದ್ದು ಕೋಲಾರದ ಕೆರೆಗಳಿಗೆ. ಮೂರನೇ ಹಂತ ಶುದ್ಧೀಕರಣ ಮಾಡಿ ಅಂತ ಇಲ್ಲಿನವರು ಕೂಗಿ ಕೂಗಿ ಸಾಕಾಗಿದ್ದಾರೆ. ನೀರು ಕಳಿಸೋ ನಗರದ ಎಂಎಲ್‌ಎಗಳು ಹೆಚ್ಚುತ್ತಾ, ನೀರು ಇಳಿಯೋ ಕೆರೆಗಳ ಎಂಎಲ್‌ಎಗಳು ಕಮ್ಮಿಯಾಗ್ತಾ ಹೋದರೆ ಈ ಮಾತು ವಿಧಾನಸೌಧದಲ್ಲಿ ಯಾರಿಗೆ ಕೇಳಿಸುತ್ತೆ? ಇದನ್ನ ಯಾವ ಜನಗಣತಿಯ ಕಾಲಂನಲ್ಲಿ ತುಂಬ್ತೀರಿ?

ಇನ್ನೊಬ್ಬ ಮಹಾಶಯ ನಿನ್ನೆ ಅದೇ ಗುಂಪಿನಲ್ಲಿದ್ದ. ಅವನ "ನ್ಯಾಯಯುತ ವಿಂಗಡಣೆ"ಗೆ ಒಂದೇ ಅರ್ಥ. ಕೋಲಾರ ಲೋಕಸಭೆ, ಮುಳಬಾಗಿಲು, ಬಂಗಾರಪೇಟೆ, ಕೆಜಿಎಫ್ ಇವೆಲ್ಲ ಮೀಸಲಿನಿಂದ ಹೊರಗೆ ಬರಬೇಕು. ಪರಿಶಿಷ್ಟ ಜಾತಿಯ ಜನ ಹೆಚ್ಚಿರೋ ಕಡೆ ಆ ಮೀಸಲು ಕ್ಷೇತ್ರ ಇರಬೇಕು ಅಂತ ಅದೇ 9ನೇ ಕಲಂ ಹೇಳುತ್ತೆ. ರಾಜ್ಯದಲ್ಲಿ ಆ ಪ್ರಮಾಣ ಹೆಚ್ಚಿರೋ ಜಿಲ್ಲೆಗಳಲ್ಲಿ ಕೋಲಾರ ಮುಂದಿನ ಸಾಲಿನದು. "ನಮ್ಮೋರಿಗೆ ಟಿಕೆಟ್ ಸಿಗ್ತಿಲ್ಲ" ಅಂತ ನೇರವಾಗಿ ಹೇಳಪ್ಪಾ, ನ್ಯಾಯ ಅನ್ನೋ ಶಾಲು ಯಾಕೆ ಹೊದಿಸ್ತೀಯ ಅಂದೆ. ಎದ್ದು ಕೈ ತೊಳೆಯೋಕೆ ಹೋದ, ಊಟವೇ ಇನ್ನೂ ಬಡಿಸಿರಲಿಲ್ಲ.

ಗೆರೆ ಎಳೆಯೋ ಹೆಸರಲ್ಲಿ ಏನೇನು ಮಾಡಬಹುದು ಅನ್ನೋದಕ್ಕೆ ದೆಹಲಿವರೆಗೆ ಹೋಗಬೇಕಾಗಿಲ್ಲ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ನಾವು ಓಟು ಹಾಕಿದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗೀತು. ರಾಜ್ಯ ಚುನಾವಣಾ ಆಯೋಗ ಗಡಿ, ಮೀಸಲಾತಿ ಕರಡು ಎಲ್ಲ ತಯಾರು ಮಾಡಿತ್ತು. ಆಗಿನ ಸರ್ಕಾರ ಕಾನೂನು ತಿದ್ದಿ, ಆ ಅಧಿಕಾರ ಕಿತ್ತುಕೊಂಡು, ಬೇರೆಯದೇ ಸೀಮಾ ನಿರ್ಣಯ ಆಯೋಗ ಮಾಡಿತು. ಆಮೇಲೆ ಕೋರ್ಟು, ಗಡುವು, ಮತ್ತೆ ಗಡುವು. ಸರ್ಕಾರ ಬದಲಾಯ್ತು, ಗೆರೆ ಮಾತ್ರ ಎಳೀತಾನೇ ಇದ್ದರು. ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಯಾವ ಪಕ್ಷಕ್ಕೂ ಇದರಲ್ಲಿ ಬೇಸರ ಇದ್ದಂತೆ ನನಗೆ ಕಾಣಲಿಲ್ಲ.

ಹಾಗಾಗಿ ನಾನು ಕೇಳ್ತಿರೋದು ದೊಡ್ಡದೇನಲ್ಲ. ಆಯೋಗ ಬಂದಾಗ ಬಹಿರಂಗ ಸಭೆ ಬೆಂಗಳೂರಿನ ಎಸಿ ಹಾಲಿನಲ್ಲಿ ಬೇಡ, ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಆಗಲಿ. ಕರಡು ನಕ್ಷೆಯನ್ನ ಗ್ರಾಮ ಪಂಚಾಯ್ತಿಯ ಗೋಡೆಗೆ ಅಂಟಿಸಲಿ, ಕನ್ನಡದಲ್ಲಿ, ಊರುಗಳ ಹೆಸರು ಓದೋ ಹಾಗೆ. ಗ್ರಾಮಸಭೆಯಲ್ಲಿ ಓದಿ ಹೇಳಲಿ. ಎಂಎಲ್‌ಎ, ಎಂಪಿಗಳು ತಮ್ಮ ಮಾತು ಹೇಳಲಿ, ಬೇಡ ಅನ್ನೋಲ್ಲ, ಆದರೆ ಅವರು ಕೇಳಿದ ಬದಲಾವಣೆ ಏನು, ಯಾಕೆ ಅನ್ನೋದನ್ನ ಹೆಸರು ಸಮೇತ ಅದೇ ಗೋಡೆಗೆ ಹಾಕಲಿ. ಯಾವ ಹೋಬಳಿಯನ್ನ ಯಾರು ತಳ್ಳಿಸ್ತಿದ್ದಾರೆ ಅಂತ ಆ ಹೋಬಳಿಯವರಿಗೆ ಗೊತ್ತಾಗಲಿ.

"ಮೇಷ್ಟ್ರಿಗೆ ರಿಟೈರ್ ಆದ ಮೇಲೆ ಕೆಲಸ ಇಲ್ಲ" ಅಂತ ಕೆಳಗೆ ಬರೆಯೋರು ಬರೀರಿ. ನಿಜವಾಗ್ಲೂ ಇಲ್ಲ. ಅದಕ್ಕೇ ಶಿಡ್ಲಘಟ್ಟ, ಚಿಂತಾಮಣಿ ಎರಡೂ ನಮ್ಮ ಜಿಲ್ಲೆಯ ಲೋಕಸಭಾ ಕ್ಷೇತ್ರಕ್ಕೇ ಬರಲಿ ಅಂತ ಒಂದು ಮನವಿ ಬರೆಯೋಕೆ ಕೂತಿದ್ದೀನಿ. ಕೋಲಾರದಲ್ಲೇ ಇರೋಣ ಅನ್ನೋ ಚಿಂತಾಮಣಿಯವರೂ ಇದ್ದೀರಿ, ರೈಲು, ಟೊಮೇಟೊ ಮಂಡಿ ಅಂತ ನಿಮಗೆ ನಿಮ್ಮದೇ ಕಾರಣ ಇದೆ. ನೀವೂ ಬರೆಯಿರಿ, ಎರಡನ್ನೂ ಒಟ್ಟಿಗೇ ಕಳಿಸೋಣ. ಸಹಿ ಹಾಕೋರು ಇನ್‌ಬಾಕ್ಸಿಗೆ ಬನ್ನಿ. ಆ ವಾಟ್ಸಾಪ್ ಪಟ್ಟಿಯನ್ನ ಇಲ್ಲಿ ಹಾಕಿ ಜಾತಿ ಲೆಕ್ಕ ಶುರು ಮಾಡೋರನ್ನ ಮಾತ್ರ ಬ್ಲಾಕ್ ಮಾಡ್ತೀನಿ, ನನ್ನ ಹತ್ರ ಓದಿದವರಾಗಿದ್ದರೂ ಸರಿ.