ನಾಲ್ಕಡಿ ಉದ್ದದ ಹಗಲು

ನಮ್ಮ ಕಡೆ ಹಲ್ಲಿಗೆ ಯಾರೂ ಮನೆ ಕಟ್ಟಿಕೊಡುವುದಿಲ್ಲ. ನಾವು ಕಟ್ಟಿದ ಮನೆಗೆ ಗೃಹಪ್ರವೇಶಕ್ಕೂ ಮೊದಲೇ ಅದು ಒಕ್ಕಲು ಬಂದಿರುತ್ತದೆ. ಟ್ಯೂಬ್‌ಲೈಟಿನ ಮರೆಯಲ್ಲಿ ಬಾಡಿಗೆಯಿಲ್ಲದೆ ಇರುವುದು, ನಾವಾಡುವ ಮಾತಿಗೆ ಆಗಾಗ ಲೊಚಗುಟ್ಟಿ ಸಾಕ್ಷಿ ಹೇಳುವುದು, ಯಾರದಾದರೂ ಭುಜದ ಮೇಲೆ ಬಿದ್ದು ಪಂಚಾಂಗದ ಶಕುನಫಲದ ಪುಟವನ್ನು ಹುಡುಕಿಸುವುದು, ಇವಿಷ್ಟೇ ಅದಕ್ಕೂ ನಮಗೂ ಇರುವ ವ್ಯವಹಾರ. ಹೀಗೆ ಬೆಳೆದ ನಾನು, ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ, ಫೆಬ್ರವರಿಯ ಕೊರೆಯುವ ಶನಿವಾರವೊಂದರಲ್ಲಿ, ಗರಗಸ ಹಿಡಿದು ಅದೇ ಜಾತಿಯ ಪ್ರಾಣಿಗೆ ಮರದ ಮನೆ ಕಟ್ಟಲು ಕುಳಿತೆನೆಂದರೆ, ಅದಕ್ಕೆ ಹನ್ನೊಂದು ವರ್ಷದ ಮಗಳ ಒಂದೂವರೆ ವರ್ಷದ ಹಟವೇ ಕಾರಣ.

ಪ್ರಾಣಿಯ ಹೆಸರು ಬಿಯರ್ಡೆಡ್ ಡ್ರ್ಯಾಗನ್. ಹೆಸರು ಕೇಳಿ ಹೆದರಬೇಕಾಗಿಲ್ಲ, ನಮ್ಮ ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತನ ಕುಟುಂಬದ್ದೇ, ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ ನೆಲೆಸಿದ ದಾಯಾದಿ. ಸಿಟ್ಟು ಬಂದರೆ ಗಂಟಲನ್ನು ಉಬ್ಬಿಸಿ ಕಪ್ಪಾಗಿಸಿಕೊಳ್ಳುತ್ತದೆ. ಗಡ್ಡ ಎಂದರೆ ಅಷ್ಟೇ. ಆಸ್ಟ್ರೇಲಿಯಾ ತನ್ನ ವನ್ಯಜೀವಿಗಳನ್ನು ಹೊರಗೆ ಮಾರುವುದನ್ನು ದಶಕಗಳ ಹಿಂದೆಯೇ ನಿಷೇಧಿಸಿರುವುದರಿಂದ, ಈಗ ಇಲ್ಲಿ ಸಾಕುವವೆಲ್ಲ ಇಲ್ಲಿಯೇ ಪೆಟ್ಟಿಗೆಗಳಲ್ಲಿ ಹುಟ್ಟಿದ ಮರಿಗಳು. ತಾಯ್ನಾಡನ್ನು ಕಣ್ಣಾರೆ ಕಾಣದಿದ್ದರೂ ಅದರ ಬಿಸಿಲನ್ನು ಮಾತ್ರ ಮೈ ಮರೆತಿಲ್ಲ. ಇದನ್ನು ಮಗಳಿಗೆ ವಿವರಿಸುತ್ತಿದ್ದಾಗ, ರೆಡಿಂಗಿನಲ್ಲೇ ಹುಟ್ಟಿದ ಆಕೆ ಮಜ್ಜಿಗೆ ಮೆಣಸಿನಕಾಯಿ ಕಡಿಯುತ್ತ ಕುಳಿತಿದ್ದಳು. ನಾನು ಮಾತು ಬದಲಿಸಿದೆ.

ಗಾಜಿನ ತೊಟ್ಟಿ ಸಾಲದೇ ಎಂದು ಕೇಳಿದವರಿದ್ದಾರೆ. ಚಳಿಯ ದೇಶದಲ್ಲಿ ಗಾಜು ನಾಲ್ಕೂ ಕಡೆಯಿಂದ ಶಾಖವನ್ನು ಸೋರಿಸುತ್ತದೆ, ಮರ ಹಿಡಿದಿಟ್ಟುಕೊಳ್ಳುತ್ತದೆ. ಬಲಿತ ಪ್ರಾಣಿ ಬಾಲ ಸೇರಿ ಒಂದೂವರೆ ಅಡಿಗೂ ಮಿಗಿಲಾಗುವುದರಿಂದ ಮನೆ ಕನಿಷ್ಠ ನಾಲ್ಕಡಿ ಉದ್ದ, ಎರಡಡಿ ಆಳ, ಎರಡಡಿ ಎತ್ತರವಿರಬೇಕು. ಈ ಲೆಕ್ಕ ತಿಳಿದೊಡನೆ ನನ್ನೊಳಗಿನ ಗಣಿತಜ್ಞ ಎದ್ದು ಕುಳಿತ. ಪ್ಲೈವುಡ್ ಹಲಗೆ ಎಂಟಡಿಗೆ ನಾಲ್ಕಡಿ. ಅದನ್ನು ನಾಲ್ಕಡಿಗೆ ಎರಡಡಿಯ ನಾಲ್ಕು ತುಂಡು ಮಾಡಿದರೆ ತಳಕ್ಕೊಂದು, ಮಾಡಿಗೊಂದು, ಬೆನ್ನಿಗೊಂದು. ನಾಲ್ಕನೆಯದನ್ನು ಸರಿಯಾಗಿ ಅರ್ಧ ಮಾಡಿದರೆ ಎರಡು ಪಕ್ಕಗಳು. ಮುಂಭಾಗ ಹೇಗೂ ಗಾಜು. ಮೂವತ್ತೆರಡು ಚದರಡಿಯಲ್ಲಿ ಚೂರೂ ದಂಡವಾಗದ ಈ ಪರಿಹಾರವನ್ನು ಕಾಗದದ ಮೇಲೆ ಬರೆದು ಹೆಂಡತಿಗೆ ತೋರಿಸಿದೆ, ಅವಳೂ ಮೆಚ್ಚಿಕೊಂಡಳು.

ಕಾಗದದ ಮೇಲಿನ ಗೆರೆಗೆ ದಪ್ಪವಿಲ್ಲ, ಗರಗಸಕ್ಕಿದೆ. ಒಂದೊಂದು ಕೊಯ್ತಕ್ಕೂ ಮೂರು ಮಿಲಿಮೀಟರಿನಷ್ಟು ಮರ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಹಲಗೆಗೂ ಹನ್ನೆರಡು ಮಿಲಿಮೀಟರು ದಪ್ಪವಿರುವುದರಿಂದ, ಎರಡು ಪಕ್ಕಗಳ ನಡುವೆ ಕೂರಬೇಕಾದ ಬೆನ್ನಿನ ಹಲಗೆ ಇಪ್ಪತ್ತನಾಲ್ಕು ಮಿಲಿಮೀಟರು ಉದ್ದವಾಗಿ ನಿಂತು ನನ್ನನ್ನೇ ನೋಡಿತು. ಗಾಜು ಜಾರುವ ಕಾಲುವೆಗಳನ್ನು ಅಂಟಿಸಲು ಮುಂಭಾಗದ ಮೇಲೆ ಮತ್ತು ಕೆಳಗೆ ಎರಡು ಪಟ್ಟಿಗಳು ಬೇಕೆಂಬುದಂತೂ ನನ್ನ ಗಣಿತದಲ್ಲಿ ಇರಲೇ ಇಲ್ಲ. ನಮ್ಮೂರಿನ ಆಚಾರರು ಕಿವಿಯ ಸಂದಿನ ಪೆನ್ಸಿಲ್ ತೆಗೆದು ಗೆರೆ ಎಳೆದು, ಆ ಗೆರೆಯನ್ನು ಬಿಟ್ಟು ಒಂದು ಕೂದಲೆಳೆ ಹೊರಗೇ ಏಕೆ ಕೊಯ್ಯುತ್ತಿದ್ದರೆಂಬುದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ಅರ್ಥವಾಯಿತು.

ಆದರೆ ಪೆಟ್ಟಿಗೆ ಮಾಡುವುದು ಈ ಕೆಲಸದ ಅರ್ಧವೂ ಅಲ್ಲ. ನಿಜವಾಗಿ ಮಾಡಬೇಕಾದದ್ದು ಒಂದು ಹಗಲನ್ನು. ಓತಿಯ ಜಾತಿಗೆ ಮೈಯೊಳಗೆ ಒಲೆಯಿಲ್ಲ. ಬಿಸಿಗೆ ಬಂದು ಕಾಯಿಸಿಕೊಂಡು, ಸಾಕಾದಾಗ ನೆರಳಿಗೆ ಸರಿಯುವುದೇ ಅದರ ದಿನಚರಿ. ಆದ್ದರಿಂದ ಪೆಟ್ಟಿಗೆಯ ಒಂದು ತುದಿಯಲ್ಲಿ ಬಲ್ಬಿನ ಕೆಳಗಿನ ಕಲ್ಲು ಸುಮಾರು 40 ಡಿಗ್ರಿಗೆ ಕಾದಿರಬೇಕು, ಇನ್ನೊಂದು ತುದಿ 25ರ ಆಸುಪಾಸಿನಲ್ಲಿರಬೇಕು. ಎಂದರೆ ನಟ್ಟನಡು ಮಧ್ಯಾಹ್ನಕ್ಕೂ ಇಳಿಹೊತ್ತಿಗೂ ನಡುವೆ ನಾಲ್ಕೇ ಅಡಿ. ತಂಪಿನ ತುದಿಯಲ್ಲಿ ಕೆಳಗೆ, ಬಿಸಿಯ ತುದಿಯಲ್ಲಿ ಮೇಲೆ ಗಾಳಿಗಂಡಿ ಕೊರೆದರೆ ಬಿಸಿಗಾಳಿ ಮೇಲೇರಿ ಹೊರಹೋಗುತ್ತ ತಣ್ಣನೆಯದನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಬಿಸಿ ಹದ್ದು ಮೀರದಂತೆ ಕಾಯಲು ಥರ್ಮೋಸ್ಟಾಟ್ ಇದೆ. ಇಷ್ಟಾದರೂ ಅದು ಬಿಸಿಲಾಗುವುದಿಲ್ಲ, ಬರೀ ಕಾವು. ಬಿಸಿಲಿನೊಳಗಿನ ನೇರಳಾತೀತ ಕಿರಣ ಚರ್ಮಕ್ಕೆ ತಾಗದಿದ್ದರೆ ಡಿ ಜೀವಸತ್ವ ಹುಟ್ಟದು, ಅದಿಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತದು, ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಅದಕ್ಕೆಂದೇ ಬೇರೆ ಟ್ಯೂಬ್‌ಲೈಟು ಹಾಕಬೇಕು, ಅದನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಕಣ್ಣಿಗೆ ಚೆನ್ನಾಗಿ ಉರಿಯುತ್ತಿದ್ದರೂ ಒಳಗಿನ ಸತ್ವ ಮೊದಲೇ ಮುಗಿದಿರುತ್ತದೆ.

ವೀಡಿಯೊ ಕರೆಯಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ಅಮ್ಮ, "ಇಷ್ಟೆಲ್ಲ ಯಾಕೋ, ಕಿಟಕಿ ಹತ್ರ ಇಟ್ರೆ ಬಿಸಿಲು ಬೀಳಲ್ವೇನೋ?" ಎಂದರು. ಕಿಟಕಿಯ ಗಾಜು ಬೇಕಾದ ಕಿರಣವನ್ನೇ ತಡೆದು ಬೇಡದ ಕಾವನ್ನು ಒಳಗೆ ಬಿಡುತ್ತದೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ದೀಪ ಯಾವ ಮೂಲೆಯಲ್ಲಿದೆ ಎಂದು ಕೇಳಿದರು. ನೋಡಿದರೆ ಅದು ಆಗ್ನೇಯಕ್ಕೇ ಬಂದಿತ್ತು, ಪ್ಲಗ್ ಇದ್ದದ್ದು ಅಲ್ಲಿಯೇ. ಅಮ್ಮನಿಗೆ ಸಮಾಧಾನವಾಯಿತು. ಪ್ರಾಣಿಯ ನೆತ್ತಿಯ ಮೇಲೆ ಬೆಳಕು ಮತ್ತು ನೆರಳನ್ನಷ್ಟೇ ಗ್ರಹಿಸುವ ಮೂರನೆಯ ಕಣ್ಣೊಂದಿದೆ ಎಂದು ಮಗಳು ಹೇಳಿದ ಮೇಲಂತೂ ಅದಕ್ಕೆ ಮುಕ್ಕಣ್ಣನೆಂದು ನಾಮಕರಣವೂ ಆಯಿತು. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದಿನ ಹಾಗೆ. ಬಾಗಿಲನ್ನು ಮುಂದುಗಡೆಯೇ ಇಡುವುದು ಇದೇ ಕಾರಣಕ್ಕೆ.

ಆ ಬಾಗಿಲಿನಲ್ಲಿಯೇ ನಾನು ಎಡವಿದ್ದು. ಗಾಜು ಜಾರುವ ಪ್ಲಾಸ್ಟಿಕ್ ಕಾಲುವೆಗಳಲ್ಲಿ ಒಂದು ಆಳ, ಒಂದು ತೆಳು. ಆಳದ್ದು ಮೇಲಿರಬೇಕು, ಗಾಜನ್ನು ಮೊದಲು ಅದರೊಳಕ್ಕೆ ಎತ್ತಿ ತೂರಿಸಿ, ಆಮೇಲೆ ಕೆಳಗಿನದಕ್ಕೆ ಇಳಿಬಿಡಬೇಕು. ಭಾರ ಹೊರುವುದು ಕೆಳಗಿನದು, ಆದ್ದರಿಂದ ದೊಡ್ಡದು ಅಲ್ಲಿರಲಿ ಎಂಬ ನನ್ನ ಸಹಜನ್ಯಾಯದಂತೆ ತಲೆಕೆಳಗಾಗಿ ಅಂಟಿಸಿದ್ದೆ. ಗಟ್ಟಿಗೊಳಿಸಿದ ಗಾಜನ್ನು ಒಮ್ಮೆ ತಯಾರಾದ ಮೇಲೆ ಕತ್ತರಿಸುವಂತಿಲ್ಲ, ಕತ್ತರಿಸಹೋದರೆ ಅಷ್ಟೂ ಕಲ್ಲುಸಕ್ಕರೆಯಾಗುತ್ತದೆ. ಉಳಿಯಿಂದ ಕಾಲುವೆಗಳನ್ನು ಎಬ್ಬಿಸಿ, ಉಪ್ಪುಕಾಗದದಿಂದ ತಿಕ್ಕಿ, ಮತ್ತೆ ಅಂಟಿಸುವುದರಲ್ಲಿ ಒಂದು ಭಾನುವಾರ ಹೋಯಿತು. ಸಂದುಗಳಿಗೆ ಹಾಕಿದ ಸಿಲಿಕೋನ್ ಒಣಗುತ್ತ ಮನೆಯಿಡೀ ಉಪ್ಪಿನಕಾಯಿ ಕೆಟ್ಟಂತಹ ಹುಳಿ ವಾಸನೆ ಹರಡಿತು. ಅದು ಪೂರ್ತಿ ಆರುವವರೆಗೆ ಪ್ರಾಣಿಯನ್ನು ತರುವ ಹಾಗಿರಲಿಲ್ಲ.

ಈಗ ಮುಕ್ಕಣ್ಣ ಬಂದು ಎರಡು ತಿಂಗಳಾಗಿದೆ. ಎಡಗಡೆಯ ಗಾಜು ಕೊನೆಯ ಒಂದು ಬೆರಳಿನಷ್ಟನ್ನು ಜಾರಲು ಮೊಣಕೈಯ ಸಹಾಯ ಕೇಳುತ್ತದೆ, ಏಕೆಂದರೆ ಪೆಟ್ಟಿಗೆ ಮೂಲೆಮಟ್ಟಕ್ಕೆ ಸರಿಯಾಗಿ ಕೂತಿಲ್ಲ. ಗ್ಯಾಸಿನ ಬಿಲ್ಲಿಗೆ ಹೆದರಿ ನಾವು ಮನೆಯನ್ನು 18 ಡಿಗ್ರಿಗೆ ಇಟ್ಟು ಸ್ವೆಟರು ತೊಟ್ಟು ಓಡಾಡುತ್ತೇವೆ. ದೀಪ ಆರಿದ ಮೇಲೆ ಮುಕ್ಕಣ್ಣನ ಪೆಟ್ಟಿಗೆಯೂ ನಿಧಾನವಾಗಿ ಅಲ್ಲಿಗೇ ಇಳಿಯುತ್ತದೆ. ಅದರ ರಾತ್ರಿಗೂ ನಮ್ಮ ಹಗಲಿಗೂ ಒಂದೇ ತಾಪ. ಬೆಳಿಗ್ಗೆ ಟೈಮರು ಟಕ್ಕೆಂದು ದೀಪ ಹೊತ್ತಿದಾಗ ಅದು ಕಲ್ಲನ್ನೇರಿ ಹೊಟ್ಟೆ ಚಪ್ಪಟೆ ಮಾಡಿ ಹರಡಿಕೊಳ್ಳುತ್ತದೆ. ಕಾಫಿ ಲೋಟ ಹಿಡಿದುಕೊಂಡು ನಾನೂ ಅದೇ ಗಾಜಿನ ಮುಂದೆ ಕುರ್ಚಿ ಎಳೆದುಕೊಳ್ಳುತ್ತೇನೆ.